ಗೆಳೆಯನಿಗೊಂದು ಪತ್ರ: ‘ಎಲ್ಲಿ ತನಕ’ ಅಂತ ಕೇಳು

ಬಾಗಲಕೋಟೆ

ಪ್ರೀತಿಯ ದೋಸ್ತ,

“ದವಾಖಾನಿ ಬೆಂಚಿನ ಮ್ಯಾಲ ಕುಂತು ಪ್ರಾರ್ಥನಾ ಮಾಡಾಕ ಹೋದ್ರ ಬಾಯೇ ಬರವಲ್ದು” ಅಂತ ಬರೆದಿದ್ದೀಯ. ನಿನಗೆ ನಂಬಿಕೆ ಕಮ್ಮಿ ಅಂತ ಚರ್ಚಿನ ಸಭೆಯಲ್ಲಿ ಯಾರೋ ಅಂದರಂತೆ. ಆ ಮಾತನ್ನು ತಲೆಯಿಂದ ತೆಗೆ. ಶಿಲುಬೆಯ ಮೇಲೆ ಯೇಸು “ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ” ಎಂದು ಕೂಗಿದ್ದು ಬೈಬಲಿನ ಕೀರ್ತನೆಗಳಲ್ಲಿ 22ನೆಯದರ ಮೊದಲ ಸಾಲು. ಆ ಹೊತ್ತಿನಲ್ಲಿ ಆತನೂ ಹಳೆಯ ಹಾಡಿನ ಮಾತನ್ನೇ ಹಿಡಿದ. ನೀನೂ ಹಿಡಿ.

ದಿನಾ ಒಂದು ತಾಸು ಪ್ರಾರ್ಥನೆ ಮಾಡ್ತೀನಿ ಅಂತ ಹರಕೆ ಹೊರಬೇಡ. ಮೂರನೇ ದಿನಕ್ಕೆ ತಪ್ಪುತ್ತದೆ, ತಪ್ಪು ಮಾಡಿದೆನೆಂಬ ಕೊರಗು ಅದರ ಮೇಲೆ. 10 ನಿಮಿಷ ಸಾಕು. 13ನೆಯ ಕೀರ್ತನೆ ತೆಗೆ, ಬರೀ 6 ವಚನ. ಪಿಸುದನಿಯಲ್ಲಾದರೂ ಬಾಯಿಬಿಟ್ಟು ಓದು. ಮನಸ್ಸಿನಲ್ಲೇ ಓದಿದರೆ ಯೋಚನೆ ರಿಪೋರ್ಟು, ಬಿಲ್ಲಿನ ಕಡೆಗೇ ಓಡುತ್ತದೆ. ಮೊದಲ 2 ವಚನಗಳಲ್ಲೇ ‘ಎಲ್ಲಿ ತನಕ’ ಎಂಬ ಪ್ರಶ್ನೆ 4 ಸಲ ಇದೆ. ಅಲ್ಲಿ ನಿಂತು ನಿನ್ನವನ್ನು ಸೇರಿಸು. ಈ ಜ್ವರ ಎಲ್ಲಿ ತನಕ? ಈ ಸಾಲ ಎಲ್ಲಿ ತನಕ? ಆಮೇಲೆ 3 ಮತ್ತು 4, ಬೇಡಿಕೆ. ಬಹಳ ಮಂದಿ ಎಡವುವುದು ಇಲ್ಲೇ: ದೂರು ಮುಗಿಯುವ ಮೊದಲೇ 5ನೆಯ ವಚನದ ಭರವಸೆಗೆ ಹಾರುತ್ತಾರೆ. ನಾಲಿಗೆ ಸ್ತುತಿಸುತ್ತದೆ, ಎದೆಯಲ್ಲಿ ಸಿಟ್ಟು ಹಾಗೇ ಇರುತ್ತದೆ, ಬರಬರುತ್ತ ಪ್ರಾರ್ಥನೆಯೇ ಸುಳ್ಳೆನಿಸುತ್ತದೆ. ಕೊನೆಯ ಎರಡು ವಚನ ಬಾಯಿಗೆ ಬರದಿದ್ದರೆ ಇವತ್ತಿಗೆ ಬಿಡು. 88ನೆಯ ಕೀರ್ತನೆಯಂತೂ ಕತ್ತಲಲ್ಲೇ ಮುಗಿಯುತ್ತದೆ, ಅದೂ ದೇವರ ವಾಕ್ಯವೇ.

ಇನ್ನು ಊಟ, ನಿದ್ದೆ. ಬೈಬಲಿನ ಪ್ರವಾದಿ ಎಲೀಯನು ಗಿಡದ ಕೆಳಗೆ ಕೂತು “ಸಾಕು, ನನ್ನ ಪ್ರಾಣ ತೆಗೆ” ಅಂದಾಗ ದೇವರು ಉಪದೇಶ ಕಳಿಸಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕಳಿಸಿದ. ಎಲೀಯ ತಿಂದ, ಮತ್ತೆ ಮಲಗಿದ. ದೂತ ಎಬ್ಬಿಸಿ ಇನ್ನೊಮ್ಮೆ ಉಣಿಸಿದ. ಹೋರೇಬ್ ಬೆಟ್ಟದಲ್ಲಿ ದೇವರ ಮೆಲುದನಿ ಕೇಳಿಸಿದ್ದು 40 ದಿನದ ನಡಿಗೆಯ ನಂತರ. ನೀನು ಬರೀ ಚಹಾದ ಮೇಲೆ ದಿನ ದೂಡುತ್ತಿದ್ದೀಯ. ಹಸಿದ, ನಿದ್ದೆಗೆಟ್ಟ ಮೈಗೆ ದೇವರೇನು, ಪಕ್ಕದಲ್ಲಿ ಕೂತವರೂ ದೂರವೆನಿಸುತ್ತಾರೆ. ಎಲೀಯನಿಗೆ ಬಂದಂಥ ವಿಚಾರ ನಿನಗೂ ಬಂದರೆ ಅವತ್ತೇ ಡಾಕ್ಟರಿಗೆ ಹೇಳು, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು. ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಕಪೆರ್ನೌಮ್ ಊರಿನಲ್ಲಿ ಯೇಸು ಇದ್ದ ಆ ಮನೆಯೂ ನೆನಪಿರಲಿ. ನಮ್ಮ ಕಡೆಯ ಮಣ್ಣಿನ ಮಾಳಿಗೆಯ ಹಾಗೆ ಅಲ್ಲಿಯೂ ಚಪ್ಪಟೆ ಮಾಳಿಗೆ. ನಾಲ್ವರು ಅದನ್ನು ಅಗೆದು, ಪಾರ್ಶ್ವವಾಯುವಿನವನನ್ನು ಹಾಸಿಗೆ ಸಮೇತ ಯೇಸುವಿನ ಮುಂದೆ ಕೆಳಗಿಳಿಸಿದರು. ಯೇಸು ‘ಅವರ’ ನಂಬಿಕೆಯನ್ನು ಕಂಡನು ಎನ್ನುತ್ತಾನೆ ಮಾರ್ಕ, ತನ್ನ ಸುವಾರ್ತೆಯ 2:5ರಲ್ಲಿ. ಮಲಗಿದ್ದವನ ನಂಬಿಕೆ ಎಷ್ಟಿತ್ತೋ, ಆ ಮಾತೇ ಇಲ್ಲ! ಇದು ನನಗೆ ಬಹಳ ದೊಡ್ಡದೆನಿಸುತ್ತದೆ. ಸಭೆಯಲ್ಲಿ ಮೂರು ನಾಲ್ಕು ಮಂದಿಯನ್ನು ಹಿಡಿ. “ಪ್ರಾರ್ಥನಾದಾಗ ನೆನಪಿಡ್ರಿ” ಅಂತ ಬಿಡಬೇಡ, ಮರೆತುಬಿಡುತ್ತಾರೆ. “ಬುಧವಾರ ಹತ್ತಕ್ಕ ಸ್ಕ್ಯಾನ್ ಐತ್ರಿ, ಆಗ ಮಾಡ್ರಿ” ಅನ್ನು.

ಬೈಬಲಿನಲ್ಲಿ ಕಷ್ಟಕ್ಕೆ ಸಿಕ್ಕ ಯೋಬನ ಪಕ್ಕ ಅವನ ಗೆಳೆಯರು 7 ದಿನ ಸುಮ್ಮನೆ ಕೂತಿದ್ದರು. ಕೆಟ್ಟದ್ದು ಬಾಯಿ ತೆರೆದ ಮೇಲೆ. ಶನಿವಾರ ಮುಂಜಾನೆ ಬಸ್ಸಿಗೆ ವಿಜಯಪುರಕ್ಕೆ ಬರ್ತೀನಿ, ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಸಿಕೊಂಡು. ಆ ಬೆಂಚಿನ ಮೇಲೆ ನಾ ಕೂಡ್ತೀನಿ. ನೀ ಉಂಡು, ಮನೆಗೆ ಹೋಗಿ ನಾಲ್ಕು ತಾಸು ಮಲಗಿ ಬಾ.

ನಿನ್ನ ಗೆಳೆಯ