ಮಹಾಲಯಕ್ಕೆ ಯಾರ ಹೆಸರು ಹೇಳಲಿ ಅಂತ ಕೇಳಿದ ಸುಮಂತನಿಗೆ

ತಿಪಟೂರು

ಚಿರಂಜೀವಿ ಸುಮಂತನಿಗೆ ಅತ್ತೆ ಮಾಡುವ ಆಶೀರ್ವಾದಗಳು.

ನಿನ್ನ ಮೇಲ್ ಅನ್ನು ನಿಮ್ಮ ಮಾವ ಪ್ರಿಂಟ್ ತೆಗೆಸಿ ತಂದುಕೊಟ್ಟರು. ಹೊಸ ಕೆಲಸ, ಚಳಿ, ಬಾಡಿಗೆ ಮನೆ ಎಲ್ಲ ಓದಿ ಸಂತೋಷವಾಯಿತು. ಕೊನೆಯ ಸಾಲು ಓದಿದ ಮೇಲೆ ಮಾತ್ರ ಊಟ ಸೇರಲಿಲ್ಲ. "ಅತ್ತೆ, ಈ ಸಲ ಮಹಾಲಯಕ್ಕೆ ನಾನು ಯಾರ ಹೆಸರು ಹೇಳಲಿ?" ಅಂತ ಕೇಳಿದ್ದೀಯ. ಅಣ್ಣ ಇದ್ದಿದ್ದರೆ ಅವನನ್ನೇ ಕೇಳುತ್ತಿದ್ದೆ, ಅವನಿಲ್ಲ ಅಂತ ನನ್ನನ್ನು ಕೇಳಿದ್ದೀಯ. ಅದಕ್ಕೇ ಫೋನ್ ಮಾಡದೆ ಕೂತು ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನಾನು ಅತ್ತುಬಿಡುತ್ತೇನೆ, ನೀನು ಬೇಗ ಮಾತು ಮುಗಿಸಿಬಿಡುತ್ತೀಯ.

ಮನೆ ಪಾಲಾದದ್ದು, ಶ್ರೀಧರನ ಕಡೆಯವರು ಬೆಂಗಳೂರು ಸೇರಿದ್ದು, ಅದೆಲ್ಲ ನಿನಗೆ ಗೊತ್ತಿರುವುದೇ, ಮತ್ತೆ ಬರೆಯಲ್ಲ. ನೀನೂ ಅವನೂ ಎಂಜಲು ಕಳಿಸಿ ಡಿಎನ್‌ಎ ಪರೀಕ್ಷೆ ಮಾಡಿಸಿಕೊಂಡಿರಿ. ತಂದೆಯಿಂದ ಮಗನಿಗೆ ಮಾತ್ರ ದಾಟುವ ವೈ ಕ್ರೋಮೋಸೋಮು ದಾಯಾದಿಗಳಾದ ನಿಮ್ಮಿಬ್ಬರಲ್ಲೂ ಒಂದೇ ಗುಂಪಿನದಾಗಿರಬೇಕಿತ್ತು. ನಿನ್ನದು ಎಚ್, ಅವನದು ಆರ್ ಅಂತ ಬಂತು. ಇಷ್ಟು ವರ್ಷ ಜೀವಶಾಸ್ತ್ರ ಪಾಠ ಮಾಡಿದವಳು ನಾನು, ಸುಮ್ನೆ ಸಮಾಧಾನದ ಮಾತು ಹೇಳಲಾರೆ. ಆ ಎರಡು ಗುಂಪುಗಳು ಕವಲೊಡೆದು ಹತ್ತಾರು ಸಾವಿರ ವರ್ಷವಾಗಿದೆ. ಪರೀಕ್ಷೆಯಲ್ಲೇ ತಪ್ಪಾಗಿಲ್ಲ ಅಂದರೆ, ಮೂಲಪುರುಷ ನರಸಪ್ಪನವರಿಂದ ನಿಮ್ಮಿಬ್ಬರವರೆಗೆ ಬಂದ ಗಂಡು ಸಂತತಿಯಲ್ಲಿ ಎಲ್ಲೋ ಒಂದು ಕಡೆ ಕೊಂಡಿ ಬೇರೆಯಾಗಿದೆ. ನಿನ್ನ ಕಡೆ ಐದು ಕೊಂಡಿ, ಅವನ ಕಡೆ ಐದು. ಹತ್ತರಲ್ಲಿ ಯಾವುದು ಅಂತ ಆ ಕಾಗದ ಹೇಳಿಲ್ಲ. ನೀನೇ ಹೇಳಿಕೊಂಡಿದ್ದೀಯ, ಅದು ನಂದೇ ಅಂತ. ಯಾಕೆ ಕಂದ?

ನೀನಿರುವ ಲೆಸ್ಟರಿನಲ್ಲೇ ಇದೇ ಪ್ರಶ್ನೆ ಒಬ್ಬ ರಾಜನ ಮೂಳೆಗೆ ಬಂದಿತ್ತು. ಇಂಗ್ಲೆಂಡಿನ ಮೂರನೇ ರಿಚರ್ಡ್ 1485ರಲ್ಲಿ ಬಾಸ್ವರ್ತ್ ಯುದ್ಧದಲ್ಲಿ ಸತ್ತ. ಲೆಸ್ಟರಿನ ಒಂದು ಮಠದಲ್ಲಿ ಹೂತರು. ಮಠ ಹೋಯಿತು, ಗೋರಿ ಎಲ್ಲಿತ್ತು ಅನ್ನುವುದೂ ಮರೆತುಹೋಯಿತು. 2012ರಲ್ಲಿ ಕಾರ್ ನಿಲ್ಲಿಸುವ ಜಾಗ ಅಗೆದಾಗ ಬೆನ್ನುಮೂಳೆ ಡೊಂಕಾದ ಒಂದು ಅಸ್ಥಿಪಂಜರ ಸಿಕ್ಕಿತು. ಇದು ಅವನೇ ಅಂತ ಹೇಗೆ ಹೇಳುವುದು? ಲೆಸ್ಟರ್ ವಿಶ್ವವಿದ್ಯಾಲಯದ ಟೂರಿ ಕಿಂಗ್ ಮತ್ತು ಅವರ ಜೊತೆಯವರು ಎರಡು ದಾರಿ ಹಿಡಿದರು. ಒಂದು ಗಂಡು ಸಂತತಿಯ ವೈ. ಇನ್ನೊಂದು, ತಾಯಿಯಿಂದ ಎಲ್ಲ ಮಕ್ಕಳಿಗೂ ಬಂದು ಹೆಣ್ಣುಮಕ್ಕಳ ಮೂಲಕ ಮಾತ್ರ ಮುಂದಕ್ಕೆ ಹೋಗುವ ಮೈಟೊಕಾಂಡ್ರಿಯದ ಡಿಎನ್‌ಎ.

ಗಂಡು ಸಂತತಿಯ ಲೆಕ್ಕ ಅವರಲ್ಲಿ ಚೊಕ್ಕಟವಾಗಿ ಬರೆದಿಟ್ಟಿತ್ತು. ರಿಚರ್ಡನ ಮುತ್ತಜ್ಜನ ತಂದೆ ಮೂರನೇ ಎಡ್ವರ್ಡ್. ಅವನ ಇನ್ನೊಬ್ಬ ಮಗನ ವಂಶದಲ್ಲಿ ಹದಿನೆಂಟನೇ ಶತಮಾನದ ಬ್ಯೂಫರ್ಟ್ ಡ್ಯೂಕ್ ಒಬ್ಬ ಬರುತ್ತಾನೆ. ಅವನ ಗಂಡು ಸಂತತಿಯಲ್ಲಿ ಆಗ ಬದುಕಿದ್ದ ಐದು ಜನರ ಡಿಎನ್‌ಎ ತೆಗೆದುಕೊಂಡರು. ಐವರಲ್ಲಿ ಒಬ್ಬರದೂ ರಿಚರ್ಡನದಕ್ಕೆ ಹೊಂದಲಿಲ್ಲ. ನಾಲ್ವರದು ಒಂದೇ ಗುಂಪು, ಐದನೆಯವರದು ಅವರಿಗೂ ಹೊಂದದ ಬೇರೆಯದೇ ಗುಂಪು. ರಿಚರ್ಡನಿಂದ ಆ ಡ್ಯೂಕ್‌ವರೆಗೆ ಇದ್ದ 19 ತಂದೆ ಮಗನ ಕೊಂಡಿಗಳಲ್ಲಿ ಎಲ್ಲಿ ತಪ್ಪಿತು ಅಂತ ಯಾರೂ ಹೇಳಲಾಗಲಿಲ್ಲ.

ಹೊಂದಿದ್ದು ತಾಯಂದಿರ ಕಡೆಯದು. ರಿಚರ್ಡನ ಅಕ್ಕ ಆನ್, ಅವಳ ಮಗಳು, ಆ ಮಗಳ ಮಗಳು, ಹೀಗೆ ಬಂದು ಬಂದು ಕೆನಡಾದಲ್ಲಿ ಹುಟ್ಟಿ ಲಂಡನ್ನಿನಲ್ಲಿ ಮರಗೆಲಸ ಮಾಡುತ್ತಿದ್ದ ಮೈಕೆಲ್ ಇಬ್ಸೆನ್ ಹತ್ತಿರ ನಿಂತಿತು. ಅಕ್ಷರ ಅಕ್ಷರಕ್ಕೂ ತಾಳೆಯಾಯಿತು. 2015ರಲ್ಲಿ ರಿಚರ್ಡನನ್ನು ಕೆಥೆಡ್ರಲ್‌ನಲ್ಲಿ ಮತ್ತೆ ಮಣ್ಣು ಮಾಡಿದಾಗ ಓಕ್ ಮರದ ಶವಪೆಟ್ಟಿಗೆ ಮಾಡಿದ್ದೂ ಆ ಇಬ್ಸೆನ್ ಅವರೇ. ಐದು ನೂರು ವರ್ಷಕ್ಕೂ ಹಿಂದೆ ಸತ್ತ ತನ್ನ ನೆಂಟನಿಗೆ ತಾನೇ ಅಳತೆ ನೋಡಿ ಹಲಗೆ ಜೋಡಿಸಿದ ಮನುಷ್ಯ. ಇದನ್ನು ಓದಿದಾಗ ನನಗೆ ಗಂಟಲು ಕಟ್ಟಿತ್ತು. ಗಂಡು ಸಂತತಿಯ ಪಟ್ಟಿ ತಾಳೆಯಾಗಲಿಲ್ಲ ಅಂತ ಲೆಸ್ಟರಿನವರು ಕಲ್ಲಿನ ಮೇಲೆ ಬೇರೆ ಹೆಸರು ಕೆತ್ತಿಸಲಿಲ್ಲ, ನೋಡು.

ಹೋಗಿ ಬಾ ಅಲ್ಲಿಗೆ ಒಂದು ಸಲ, ಬಿಡುವಾದಾಗ. ಹತ್ತಿರವೇ ಇರಬೇಕು ನಿನಗೆ.

ನಮ್ಮ ಮನೆ ವಂಶಾವಳಿ ನಿನಗೆ ನೆನಪಿದೆಯಾ? ತಾತ ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಉದ್ದನೆಯ ಲೆಕ್ಕದ ಪುಸ್ತಕ. ಅಣ್ಣ ಅದನ್ನು ಎಷ್ಟು ಜೋಪಾನ ಮಾಡುತ್ತಿದ್ದ! ಮೊನ್ನೆ ಅದನ್ನೇ ತೆಗೆದು ನೋಡಿದೆ. ನರಸಪ್ಪ, ಅವರ ಮಕ್ಕಳು, ಮೊಮ್ಮಕ್ಕಳು, ಯಾರಿಗೆ ಯಾವ ಹೊಲ, ಯಾರು ಯಾವ ಸಂವತ್ಸರದಲ್ಲಿ ಹೋದರು, ಎಲ್ಲ ಇದೆ. ಹೆಂಗಸರು ಒಬ್ಬರೂ ಇಲ್ಲ. ನಾನಿಲ್ಲ. ನಿಮ್ಮಮ್ಮ ಇಲ್ಲ. ಅದನ್ನು ಬರೆದ ತಾತನಿಗೆ ಅಷ್ಟು ವರ್ಷ ಅಡುಗೆ ಮಾಡಿ ಬಡಿಸಿದ ಸಾವಿತ್ರಜ್ಜಿಯೂ ಇಲ್ಲ. ಚಿಕ್ಕವಳಿದ್ದಾಗ ಅದು ನನಗೆ ಕೊರತೆ ಅಂತ ಅನ್ನಿಸಿಯೇ ಇರಲಿಲ್ಲ.

ನಿನ್ನ ಕೈ ನೋಡಿಕೊ ಒಂದು ಸಲ. ಕಿರುಬೆರಳಿನ ತುದಿ ಉಂಗುರದ ಬೆರಳಿನ ಕಡೆಗೆ ಬಾಗಿದೆ. ಅಣ್ಣನಿಗೂ ಹಾಗೇ ಇತ್ತು, ನನಗೂ ಹಾಗೇ ಇದೆ, ಅಪ್ಪನಿಗೂ ಇತ್ತು. ಅದು ಬಂದದ್ದು ಸಾವಿತ್ರಜ್ಜಿಯಿಂದ. ಅಜ್ಜಿ ಹೂ ಕಟ್ಟುವಾಗ ಆ ಬೆರಳು ದಾರದಿಂದ ಸ್ವಲ್ಪ ಆಚೆ ನಿಂತಿರುತ್ತಿತ್ತು. ಇದನ್ನೇ ಪುರಾವೆ ಅಂತ ಪಾಠದಲ್ಲಿ ಹೇಳಲಾರೆ, ಡೊಂಕು ಬೆರಳು ಲೋಕದಲ್ಲಿ ಬೇಕಾದಷ್ಟು ಜನಕ್ಕಿದೆ. ಆದರೆ ನೀನು ರಾತ್ರಿ ನಿದ್ದೆ ಬಿಟ್ಟು ಏನು ಯೋಚನೆ ಮಾಡುತ್ತಿದ್ದೀಯ ಅಂತ ನನಗೆ ಗೊತ್ತು. ಅಣ್ಣ ನಿನ್ನ ಅಪ್ಪನೋ ಅಲ್ಲವೋ ಅನ್ನುವುದೇ ಆ ಯೋಚನೆ. ನೀನು ಅದನ್ನು ಬರೆದಿಲ್ಲ, ಆದರೆ ಸಾಲುಗಳ ನಡುವೆ ಅದೇ ಇದೆ. ಅತ್ತಿಗೆಯ ಮುಖ ನೆನೆಸಿಕೊಂಡು ನನಗೆ ಎದೆ ಹಿಂಡಿದ ಹಾಗಾಯಿತು. ಅವರ ಹತ್ತಿರ ಈ ಮಾತನ್ನು ಫೋನಿನಲ್ಲಂತೂ ಎತ್ತಬೇಡ. ದಯವಿಟ್ಟು.

ಅಜ್ಜಿ ಒಂದು ಸಲ ಪ್ಲೇಗಿನ ಕಾಲದ ಮಾತು ತೆಗೆದಿದ್ದರು. ಊರಲ್ಲಿ ಇಲಿ ಬಿದ್ದರೆ ಸಾಕು, ಜನ ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರಲ್ಲ, ಆ ಕಾಲ. "ಆ ವರ್ಷ ಈ ಮನೆಗೆ ಒಂದು ಮಗು ಬಂತಂತೆ, ನಮ್ಮತ್ತೆ ಹೇಳೋರು" ಅಂದರು. ನನ್ನ ಮುಂದೆ ಉತ್ತರಪತ್ರಿಕೆಗಳ ಕಟ್ಟು ಇತ್ತು, ಮಾರನೇ ದಿನ ಒಪ್ಪಿಸಬೇಕಿತ್ತು. ಅಜ್ಜಿ ಸುಮ್ಮನಾದರು, ನಾನೂ ಕೇಳಲಿಲ್ಲ. ಯಾವ ಮಗು, ಯಾರ ಮಗು, ನಮ್ಮ ಕಡೆಗೋ ಶ್ರೀಧರನ ಕಡೆಗೋ, ಏನೂ ಗೊತ್ತಿಲ್ಲ. ಈಗ ಆ ಒಂದು ಮಾತಿಗಾಗಿ ಏನು ಬೇಕಾದರೂ ಕೊಟ್ಟೇನು. ಅಜ್ಜಿಯ ತಾಯಿಯ ಹೆಸರನ್ನೂ ನಾನು ಕೇಳಿಟ್ಟುಕೊಳ್ಳಲಿಲ್ಲ. ತವರು ಹೊನ್ನವಳ್ಳಿ ಅಂತ ಮಾತ್ರ ಗೊತ್ತು.

ಕೊಂಡಿ ಬೇರೆಯಾಗಿದೆ ಅಂದಕೂಡಲೇ ನಿನಗೆ ಯಾರೋ ತಪ್ಪು ಮಾಡಿದರು ಅಂತಲೇ ಯಾಕೆ ತೋಚಬೇಕು? ತಾಯಿ ತಂದೆ ಸತ್ತ ಮಗುವನ್ನು ಎತ್ತಿಕೊಂಡು ಬಂದಿರಬಹುದು. ದತ್ತು ತಂದಿರಬಹುದು. ಗಂಡುಮಕ್ಕಳಿಲ್ಲದ ಮನೆಗೆ ಅಳಿಯನನ್ನೇ ತಂದು ಇಟ್ಟುಕೊಂಡಿರಬಹುದು, ಮನೆಅಳಿಯ ನಮ್ಮ ಕಡೆ ಹೊಸದೇ? ಇದರಲ್ಲಿ ಯಾವುದಾದರೂ ವೈ ಕ್ರೋಮೋಸೋಮು ಬದಲಾಗಿರುತ್ತದೆ, ಮನೆ ಬದಲಾಗಿರುವುದಿಲ್ಲ.

ಇಂಗ್ಲೆಂಡಿನಲ್ಲೇ ಗ್ಲಾಸ್ಟರ್‌ಷೈರ್‌ನಲ್ಲಿ ಹೇಜಲ್ಟನ್ ನಾರ್ತ್ ಅಂತ ಒಂದು ಕಲ್ಲಿನ ಸಮಾಧಿ ಇದೆ. ಸುಮಾರು 5,700 ವರ್ಷ ಹಳೆಯದು. ಅಲ್ಲಿನ ಮೂಳೆಗಳಿಂದ 35 ಜನರ ಡಿಎನ್‌ಎ ತೆಗೆದು 2022ರಲ್ಲಿ ಪ್ರಕಟಿಸಿದರು. ಅದರಲ್ಲಿ 27 ಜನ ಒಂದೇ ಮನೆತನದ ಐದು ತಲೆಮಾರಿನವರು. ಮೂಲಪುರುಷ ಒಬ್ಬ, ಅವನಿಗೆ ಮಕ್ಕಳನ್ನು ಹೆತ್ತ ಹೆಂಗಸರು ನಾಲ್ವರು. ನಾನು ಆ ಸುದ್ದಿಯನ್ನು ಎರಡು ಮೂರು ಸಲ ಓದಿದೆ. ಅಲ್ಲಿ ಕೆಲವು ಗಂಡಸರಿದ್ದಾರೆ, ಅವರ ತಾಯಿ ಆ ಮನೆಗೆ ಸೇರಿದವಳು, ತಂದೆ ಬೇರೆ ಯಾರೋ. ಅಂದರೆ ತಾಯಿಯ ಜೊತೆ ಬಂದ ಮಕ್ಕಳು. ಅವರನ್ನೂ ಅದೇ ಕಲ್ಲಿನ ಕೋಣೆಯಲ್ಲಿ, ಮನೆಯ ಮಕ್ಕಳ ಜೊತೆಯಲ್ಲೇ ಇಟ್ಟಿದ್ದಾರೆ. ಬರವಣಿಗೆಯೇ ಇಲ್ಲದ ಕಾಲದ ಜನ ಅವರು. ಮಗ ಅಂದುಕೊಂಡರು, ಮಗನ ಜಾಗ ಕೊಟ್ಟರು.

ಆ ಸಮಾಧಿಗೆ ಉತ್ತರಕ್ಕೊಂದು ದಕ್ಷಿಣಕ್ಕೊಂದು ಕೋಣೆ ಇದೆ. ಯಾರು ಯಾವ ಕೋಣೆಗೆ ಅನ್ನುವುದು ಮೊದಲ ತಲೆಮಾರಿನ ಯಾವ ತಾಯಿಯ ಸಂತಾನ ಅನ್ನುವುದರ ಮೇಲೆ ನಿಂತಿದೆಯಂತೆ. ಇಬ್ಬರು ತಾಯಂದಿರ ಮಕ್ಕಳು ಮೊಮ್ಮಕ್ಕಳು ಒಂದು ಕಡೆ, ಇನ್ನಿಬ್ಬರದು ಇನ್ನೊಂದು ಕಡೆ. ಇನ್ನೊಂದು ವಿಷಯ. ಮನೆತನದ ಹೆಣ್ಣುಮಕ್ಕಳಲ್ಲಿ ಚಿಕ್ಕಂದಿನಲ್ಲೇ ಸತ್ತವರು ಅಲ್ಲಿದ್ದಾರೆ, ಬೆಳೆದವರು ಇಲ್ಲ. ಮದುವೆಯಾಗಿ ಹೋದರು ಅಂತ ಊಹೆ. ಅದನ್ನು ಓದಿ ನಾನು ಬಹಳ ಹೊತ್ತು ಕೂತಿದ್ದೆ. ಆ ಹೆಣ್ಣುಮಕ್ಕಳು ಎಲ್ಲಿ ಹೋದರೋ, ಯಾವ ಮನೆಯವರಾದರೋ. ನಾನೂ ಹೋದವಳೇ ಅಲ್ವಾ. ಹೋದ ಮೇಲೂ ನಿಮ್ಮಪ್ಪನ ತಂಗಿಯಾಗಿಯೇ ಉಳಿದೆ.

ಮತ್ತೆ ನಿನ್ನ ಪ್ರಶ್ನೆಗೇ ಬರುತ್ತೇನೆ. ಯಾರ ಹೆಸರು ಹೇಳಲಿ ಅಂದೆ. ಅಣ್ಣನ ಹೆಸರು ಹೇಳು, ನಮ್ಮಪ್ಪನ ಹೆಸರು ಹೇಳು, ತಾತನ ಹೆಸರು ಹೇಳು. ಮೂರು ತಲೆಮಾರು. ದತ್ತು ಬಂದ ಮಗ ದತ್ತು ತಂದೆಯ ಗೋತ್ರ ಹೇಳಿಯೇ ಪಿಂಡ ಇಡುತ್ತಾನೆ, ಅದನ್ನು ನಮ್ಮ ಹಿರಿಯರು ಎಂದೂ ಕಡಿಮೆ ಅಂದಿಲ್ಲ. ಮಹಾಲಯದಲ್ಲಂತೂ ತಾಯಿಯ ಕಡೆಯವರು, ಅತ್ತೆ ಮಾವ, ಗುರುಗಳು, ಸ್ನೇಹಿತರು, ಕೊನೆಗೆ ಯಾರೂ ಇಲ್ಲದೆ ಸತ್ತವರಿಗೂ ಎಳ್ಳುನೀರು ಬಿಡುತ್ತೇವೆ. ಅಷ್ಟು ಜನಕ್ಕೆ ಜಾಗ ಇರುವ ಕಡೆ, ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕೆರೆ ಏರಿ ಮೇಲೆ ಓಡಾಡಿದ ಅಣ್ಣನಿಗೆ ಜಾಗ ಇಲ್ಲವೇನೋ?

ಲೆಕ್ಕವನ್ನೂ ಒಂದು ಹೇಳಿಬಿಡುತ್ತೇನೆ, ಮೇಷ್ಟ್ರಾಗಿದ್ದವಳ ಚಾಳಿ. ಹತ್ತು ತಲೆಮಾರು ಮೇಲಕ್ಕೆ ಹೋದರೆ ನಿನಗೆ ಹಿರಿಯರ ಜಾಗ 1,024. ವೈ ಕ್ರೋಮೋಸೋಮು ಅದರಲ್ಲಿ ಒಬ್ಬರ ಸುದ್ದಿ ಹೇಳುತ್ತದೆ. ಮಿಕ್ಕ 1,023 ಜನರ ಬಗ್ಗೆ ಅದಕ್ಕೆ ಮಾತಿಲ್ಲ. ಎಚ್ ಆಗಲಿ ಆರ್ ಆಗಲಿ, ನಮ್ಮ ದೇಶದಲ್ಲಿ ಎಲ್ಲ ಕಡೆ, ಎಲ್ಲ ಜಾತಿಗಳಲ್ಲೂ ಸಿಗುತ್ತದೆ. ಅದರಿಂದ ಕುಲ ಗೊತ್ತಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡ. ಹೈದರಾಬಾದಿನ ಜೀವಶಾಸ್ತ್ರ ಸಂಶೋಧನಾ ಕೇಂದ್ರ ಸಿಸಿಎಂಬಿ ಮತ್ತು ಹಾರ್ವರ್ಡ್‌ನವರು 2013ರಲ್ಲಿ ತೋರಿಸಿದ್ದು ಅದನ್ನೇ. ಸುಮಾರು 4,200ರಿಂದ 1,900 ವರ್ಷಗಳ ಹಿಂದಿನವರೆಗೆ ನಮ್ಮ ನಾಡಿನ ಜನ ಒಬ್ಬರಲ್ಲೊಬ್ಬರು ಬೆರೆತೇ ಬದುಕಿದರು, ತಮ್ಮ ತಮ್ಮೊಳಗೇ ಮದುವೆ ಅನ್ನುವುದು ಗಟ್ಟಿಯಾದದ್ದು ಆಮೇಲೆ. ಸಿಂಧೂ ನಾಗರಿಕತೆಯ ಊರಾದ ಹರಿಯಾಣದ ರಾಖಿಗಢಿಯಲ್ಲಿ ಹಳೆಯ ಮೂಳೆಗಳ 61 ಮಾದರಿಗಳನ್ನು ಹುಡುಕಿದರೆ ಒಬ್ಬ ಹೆಂಗಸಿನ ಡಿಎನ್‌ಎ ಮಾತ್ರ ಓದಲಾಗುವಷ್ಟು ಉಳಿದಿತ್ತು, ಮಿಕ್ಕದ್ದನ್ನೆಲ್ಲ ನಮ್ಮ ಬಿಸಿಲೇ ತಿಂದುಹಾಕಿತ್ತು. ಸುಮಾರು ನಾಲ್ಕೂವರೆ ಸಾವಿರ ವರ್ಷದ ಹಿಂದಿನ ಆಕೆಯಲ್ಲೇ ಎರಡು ಕಡೆಯ ಜನ ಸೇರಿದ್ದರು. ಆಕೆಯ ಪಕ್ಕದಲ್ಲಿ ಮಡಕೆಗಳನ್ನಿಟ್ಟು ಕಳಿಸಿಕೊಟ್ಟವರು ಇದನ್ನೆಲ್ಲ ಕೇಳಿರಲಿಕ್ಕಿಲ್ಲ.

ಇನ್ನು ಏನು ಮಾಡಬೇಕು ಅಂತ. ನನಗೆ ಜಾಸ್ತಿ ಹೇಳಲು ತೋಚುತ್ತಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಈ ಫಲಿತಾಂಶವನ್ನು ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಬೇಡ. ಹಾಕಿದರೆ ಸತ್ತುಹೋದ ಹೆಂಗಸರ ಮೇಲೆ ಮಾತು ಬರುತ್ತದೆ, ಅವರ ಪರವಾಗಿ ಹೇಳಲು ಯಾರೂ ಉಳಿದಿಲ್ಲ. ಮತ್ತೆ, ನಿನಗೆ ಅಣ್ಣನ ವಿಷಯದಲ್ಲೇ ಅನುಮಾನ ಕೊರೆಯುತ್ತಿದ್ದರೆ, ನಾನು ಎಂಜಲು ಕೊಡುತ್ತೇನೆ. ನನ್ನಲ್ಲಿ ವೈ ಇಲ್ಲ, ಅದಕ್ಕೆ ಉಪಯೋಗವಿಲ್ಲ. ಆದರೆ ಸೋದರತ್ತೆಗೂ ಸೋದರಳಿಯನಿಗೂ ಡಿಎನ್‌ಎ ಹೆಚ್ಚು ಕಡಿಮೆ ಕಾಲು ಭಾಗ ಹೊಂದಬೇಕು, ಅದು ಗೊತ್ತಾಗಿಬಿಡುತ್ತದೆ. ನನಗೆ ಅದು ಬೇಕಾಗಿಲ್ಲ ಕಣೋ. ನಿನಗೆ ನಿದ್ದೆ ಬರುತ್ತದೆ ಅಂದರೆ ಮಾತ್ರ. ಡಬ್ಬಿ ಕಳಿಸು, ಮಾವನಿಗೆ ನಾನು ಹೇಳಿಕೊಳ್ಳುತ್ತೇನೆ.

ಹೊನ್ನವಳ್ಳಿಯಲ್ಲಿ ಅಜ್ಜಿಯ ತಮ್ಮನ ಮೊಮ್ಮಗಳು ಒಬ್ಬಳಿದ್ದಾಳೆ ಅಂತ ಕೇಳಿದ್ದೇನೆ. ಬರುವ ವಾರ ಹೋಗಿ ವಿಚಾರಿಸುತ್ತೇನೆ. ಅಜ್ಜಿಯ ತಾಯಿಯ ಹೆಸರು ಸಿಕ್ಕರೆ ತಿಳಿಸುತ್ತೇನೆ, ಮಹಾಲಯದೊಳಗೆ ಸಿಕ್ಕರೆ ಅದನ್ನೂ ಸೇರಿಸಿಕೊ. ಅಲ್ಲಿ ಪುರೋಹಿತರು ಸಿಗದಿದ್ದರೆ ಯೋಚನೆ ಮಾಡಬೇಡ, ಎಳ್ಳು ನೀರು ಇದ್ದರೆ ಸಾಕು, ನಾನು ಫೋನಿನಲ್ಲಿ ಒಂದೊಂದೇ ಹೆಸರು ಹೇಳುತ್ತೇನೆ.

ಶ್ರೀಧರನಿಗೆ ಇವತ್ತೇ ಫೋನ್ ಮಾಡು. ಹತ್ತು ಕೊಂಡಿಯಲ್ಲಿ ಐದು ಅವನ ಕಡೆಯವು. ನೀನು ನನಗೆ ಕೇಳಿದ ಪ್ರಶ್ನೆಯನ್ನು ಅವನು ಯಾರಿಗೂ ಕೇಳಲಾಗದೆ ಕೂತಿರಬಹುದು, ಅವನಿಗೆ ಅತ್ತೆಯೂ ಇಲ್ಲ. ನನ್ನ ನಂಬರು ಅವನಿಗೆ ಕೊಡು.

ಇಂತಿ ನಿನ್ನ ಅತ್ತೆ