ಪರೀಕ್ಷಾ ಕೊಠಡಿಗೆ ಬಂದ ತಂತ್ರಜ್ಞಾನ ಪಾಠಕ್ಕೂ ಬರಲಿ

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಿಗೆ 2024ರಲ್ಲಿ ವೆಬ್‌ಕಾಸ್ಟಿಂಗ್, ಅಂದರೆ ನಕಲು ತಡೆಯಲು ಕ್ಯಾಮೆರಾ ಮೂಲಕ ನೇರ ನಿಗಾ, ಬಂತು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ, ಕೃಪಾಂಕ ಹೆಚ್ಚಿಸಿದ ಮೇಲೂ ಶೇ 73.40ಕ್ಕೆ ಇಳಿಯಿತು. ಆ ಕೃಪಾಂಕವನ್ನು ಕೈಬಿಟ್ಟ 2025ರ ಮೊದಲ ಪರೀಕ್ಷೆಯಲ್ಲಿ ಶೇ 62.34ಕ್ಕೆ ಬಂದು ನಿಂತಿತು. ನಕಲು ತಡೆದದ್ದು ಸರಿಯೇ. ವರ್ಷವಿಡೀ ಓದಿದ ಮಕ್ಕಳಿಗೆ ಅದರಿಂದ ನ್ಯಾಯ ಸಿಕ್ಕಿದೆ. ಆದರೆ ಸರ್ಕಾರಿ ಪ್ರೌಢಶಾಲೆಯ ಗಣಿತ ಶಿಕ್ಷಕಿಯಾದ ನನ್ನನ್ನು ಕಾಡುವ ಪ್ರಶ್ನೆ ಬೇರೆ. ಪರೀಕ್ಷೆಯ ಆ ಕೆಲವು ದಿನಗಳಿಗಾಗಿ ಹಳ್ಳಿಯ ಕೇಂದ್ರದವರೆಗೂ ಕ್ಯಾಮೆರಾ, ಇಂಟರ್‌ನೆಟ್, ವಿದ್ಯುತ್ ಎಲ್ಲವನ್ನೂ ಹೊಂದಿಸಿಕೊಡಲು ನಮ್ಮ ಇಲಾಖೆಗೆ ಸಾಧ್ಯವಾಗಿದೆ. ಅದೇ ಮಕ್ಕಳು ಅದೇ ಕೊಠಡಿಯಲ್ಲಿ ಕಲಿಯುವ ಉಳಿದ ದಿನಗಳಿಗೆ ಇಷ್ಟೇ ಮುತುವರ್ಜಿ ಏಕೆ ಸಿಗುತ್ತಿಲ್ಲ?

ನಮ್ಮ ಶಾಲೆಗಳಿಗೆ ತಂತ್ರಜ್ಞಾನ ಹೊಸದೇನಲ್ಲ. 2004ರಲ್ಲಿ ಇಸ್ರೊ ಎಜುಸ್ಯಾಟ್ ಉಪಗ್ರಹ ಹಾರಿಸಿದ ಮೇಲೆ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರ ಮೂಲಕ ಪಾಠ ತಲುಪಿಸಲಾಯಿತು. ಕಂಪ್ಯೂಟರ್ ಶಿಕ್ಷಣದ ಮಾಹಿತಿ ಸಿಂಧು ಯೋಜನೆ ಅದಕ್ಕೂ ಮೊದಲೇ ಬಂದಿತ್ತು. ಮುಂದೆ ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಯೋಜನೆಯ ಕಂಪ್ಯೂಟರ್‌ಗಳು ಬಂದವು, ತಂತ್ರಜ್ಞಾನದ ನೆರವಿನಿಂದ ಕಲಿಸುವುದನ್ನು ಶಿಕ್ಷಕರಿಗೆ ಹೇಳಿಕೊಡುವ ಟ್ಯಾಲ್ಪ್ ತರಬೇತಿ ನಡೆಯಿತು. ಪಠ್ಯಪುಸ್ತಕಗಳಲ್ಲಿ ದೀಕ್ಷಾ ಎಂಬ ಆನ್‌ಲೈನ್ ಕಲಿಕಾ ವೇದಿಕೆಯ ಕ್ಯೂಆರ್ ಕೋಡ್ ಕಾಣಿಸಿಕೊಂಡಿತು. ಕೋವಿಡ್ ಕಾಲದಲ್ಲಿ ಚಂದನ ವಾಹಿನಿಯ ಸಂವೇದ ಪಾಠಗಳನ್ನು ನಮ್ಮ ಮಕ್ಕಳೂ ನೋಡಿದರು. ಇವುಗಳಲ್ಲಿ ಒಳ್ಳೆಯದು ಬಹಳ ಇತ್ತು. ಆದರೆ ಗುತ್ತಿಗೆ ಅವಧಿ ಮುಗಿಯುತ್ತಿದ್ದಂತೆ ಕಂಪ್ಯೂಟರ್ ಬೋಧಕರು ಹೋಗುತ್ತಾರೆ, ಯುಪಿಎಸ್ ಬ್ಯಾಟರಿ ಸತ್ತರೆ ಬದಲಿಸಲು ಅನುದಾನ ಇರುವುದಿಲ್ಲ, ಕೊಠಡಿಗೆ ಬೀಗ ಬೀಳುತ್ತದೆ. ಏನಾದರೂ ಕಳುವಾದರೆ ತಮ್ಮ ತಲೆಗೇ ಬರುತ್ತದೆಂದು ಪ್ರಭಾರ ಮುಖ್ಯೋಪಾಧ್ಯಾಯರು ಆ ಬೀಗ ತೆಗೆಯಲು ಹಿಂಜರಿಯುತ್ತಾರೆ. ಇದು ಅವರೊಬ್ಬರ ತಪ್ಪಲ್ಲ.

ಉಪಕರಣ ಕೆಲಸ ಮಾಡುತ್ತಿದ್ದರೂ ಅದನ್ನು ಯಾವ ಕಲಿಕಾ ಫಲಕ್ಕಾಗಿ ಬಳಸಬೇಕು ಎಂಬುದನ್ನು ಯಾರೂ ನಮ್ಮೊಂದಿಗೆ ಕುಳಿತು ಮಾತಾಡುವುದಿಲ್ಲ. ನನ್ನ ವಿಷಯದಿಂದಲೇ ಹೇಳುತ್ತೇನೆ. ಹತ್ತನೇ ತರಗತಿಯಲ್ಲಿ ಬಹುಪದೋಕ್ತಿಗಳ ಪಾಠವಿದೆ. ವರ್ಗ ಬಹುಪದೋಕ್ತಿಯ ನಕ್ಷೆ ಎಕ್ಸ್ ಅಕ್ಷವನ್ನು ಎಲ್ಲೆಲ್ಲಿ ಮುಟ್ಟುತ್ತದೋ ಅವೇ ಅದರ ಶೂನ್ಯತೆಗಳು ಎಂಬುದನ್ನು ಮಗು ಅರಿಯಬೇಕು. ಒಂದು ಪೀರಿಯಡ್‌ನಲ್ಲಿ ಕಪ್ಪು ಹಲಗೆಯ ಮೇಲೆ ನಾನು ಅಚ್ಚುಕಟ್ಟಾಗಿ ಬರೆಯಬಲ್ಲದ್ದು ಎರಡು ಪರವಲಯ (ಆ ನಕ್ಷೆಯ ಬಟ್ಟಲಿನಂಥ ಬಾಗುರೇಖೆ), ಹೆಚ್ಚೆಂದರೆ ಮೂರು. ಮಕ್ಕಳು ಅವನ್ನು ಚಿತ್ರವೆಂದು ನಕಲಿಸಿಕೊಳ್ಳುತ್ತಾರೆ. ಅದನ್ನೇ ಜಿಯೋಜೀಬ್ರಾ ಎಂಬ ಉಚಿತ ತಂತ್ರಾಂಶದಲ್ಲಿ ತೋರಿಸಿ, ಸ್ಥಿರಪದವನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತ ಹೋದರೆ ಪರವಲಯ ಮೇಲಕ್ಕೇರುತ್ತದೆ; ಎರಡು ಕಡೆ ಅಕ್ಷವನ್ನು ಕತ್ತರಿಸುತ್ತಿದ್ದದ್ದು ಒಂದೇ ಕಡೆ ಮುಟ್ಟುತ್ತದೆ, ಆಮೇಲೆ ಅಕ್ಷ ಬಿಟ್ಟು ಮೇಲೆ ಹೋಗುತ್ತದೆ. ಆಗ ಹಿಂದಿನ ಬೆಂಚಿನಿಂದ ‘ಮಿಸ್, ಇನ್ನೂ ಮೇಲೆ ಹೋದ್ರೆ ಉತ್ತರಾನೇ ಇರಲ್ವಾ?’ ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆ ಬಂದ ಮೇಲೆ ವರ್ಗ ಸಮೀಕರಣಕ್ಕೆ ಉತ್ತರ ಎಷ್ಟಿವೆ, ಇವೆಯೇ ಇಲ್ಲವೇ ಎಂದು ತಿಳಿಸುವ ಶೋಧಕವನ್ನು ಬಾಯಿಪಾಠ ಮಾಡಿಸುವ ಅಗತ್ಯ ಬೀಳುವುದಿಲ್ಲ. ಇದೇ ಪಾಠದ ಹತ್ತು ನಿಮಿಷದ ವಿಡಿಯೊ ಹಾಕಿದರೆ ಹೀಗೆ ಆಗದು. ವಿಡಿಯೊ ಯಾರಿಗಾಗಿಯೂ ನಿಲ್ಲುವುದಿಲ್ಲ, ಮಗು ಕೇಳಿದ ಸಂಖ್ಯೆಯನ್ನು ಹಾಕಿ ತೋರಿಸುವುದೂ ಇಲ್ಲ. ಎರಡೂ ಪ್ರೊಜೆಕ್ಟರ್ ಮೇಲೆಯೇ ಬರುವುದರಿಂದ ಇಲಾಖೆಯ ವರದಿಯಲ್ಲಿ ಮಾತ್ರ ಎರಡೂ ‘ಸ್ಮಾರ್ಟ್ ಕ್ಲಾಸ್’ ಎಂದೇ ದಾಖಲಾಗುತ್ತವೆ.

ಹಾಗೆಂದು ಎಲ್ಲ ಪಾಠಕ್ಕೂ ಪರದೆ ಬೇಕಿಲ್ಲ. ಥೇಲ್ಸ್ ಪ್ರಮೇಯದ ಸಾಧನೆಯನ್ನು ಮಗು ತನ್ನ ಕೈಯಿಂದಲೇ ಸಾಲುಸಾಲಾಗಿ ಬರೆದು ಕಲಿಯಬೇಕು, ರಚನೆಗಳಿಗೆ ಕೈವಾರ ಹಿಡಿಯಬೇಕು. ವಿಜ್ಞಾನದಲ್ಲೂ ಅಷ್ಟೇ. ತಂತಿ, ಬಲ್ಬು, ಶುಷ್ಕಕೋಶ ಇರುವ ಶಾಲೆಯಲ್ಲಿ ಮೊದಲು ಅವನ್ನೇ ಜೋಡಿಸಲಿ. ಇಲ್ಲದ ಕಡೆ, ಪರದೆಯ ಮೇಲೆಯೇ ಪ್ರಯೋಗ ಮಾಡಿ ನೋಡಬಹುದಾದ, ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಅನುಕರಣೆಗಳು ಒಳ್ಳೆಯ ನೆರವು. ಅವು ಉಚಿತ, ಹಲವು ಕನ್ನಡದಲ್ಲೂ ಇವೆ. ಎಷ್ಟು ಶಿಕ್ಷಕರಿಗೆ ಇದು ಗೊತ್ತಿದೆ?

ಇದಕ್ಕಿಂತ ದೊಡ್ಡ ಸಮಸ್ಯೆ ಇನ್ನೊಂದಿದೆ. ಎಂಟನೇ ತರಗತಿಗೆ ಬರುವ ಮಕ್ಕಳಲ್ಲಿ ಭಾಗಾಕಾರ ಬಾರದವರು ಕಡಿಮೆಯೇನಿಲ್ಲ. ಅವರ ಮುಂದೆ ನಾನು ತರಗತಿಗೆ ನಿಗದಿಯಾದ ಬೀಜಗಣಿತ ಮಾಡಬೇಕು. ಅರ್ಥಶಾಸ್ತ್ರಜ್ಞ ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು ದೆಹಲಿಯಲ್ಲಿ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರನೇ ತರಗತಿಯ ಮಕ್ಕಳು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿಯಷ್ಟು ಹಿಂದಿದ್ದರು. ಪ್ರತಿ ಮಗುವಿನ ಮಟ್ಟ ಗುರುತಿಸಿ ಅಲ್ಲಿಂದಲೇ ಲೆಕ್ಕ ಕೊಡುವ ತಂತ್ರಾಂಶ ಬಳಸಿದ ಕೇಂದ್ರಗಳಿಗೆ ಹೋದ ಮಕ್ಕಳು ನಾಲ್ಕೂವರೆ ತಿಂಗಳಲ್ಲಿ ಗಣಿತದಲ್ಲೂ ಹಿಂದಿಯಲ್ಲೂ ಗಮನಾರ್ಹವಾಗಿ ಮುಂದೆ ಬಂದರು. ಪೆರು ದೇಶದಲ್ಲಿ ಮಕ್ಕಳ ಕೈಗೆ ಲ್ಯಾಪ್‌ಟಾಪ್ ಹಂಚಿದಾಗಲಾದರೋ ಗಣಿತ, ಭಾಷೆಯ ಅಂಕಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. ಮಗು ಇರುವ ಮಟ್ಟದಿಂದ ಕಲಿಸುವುದು ನಮಗೆ ಹೊರಗಿನಿಂದ ಬರಬೇಕಾದ ಪಾಠವೂ ಅಲ್ಲ. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ, ಕಿರಿಯ ತರಗತಿಗಳ ಚಟುವಟಿಕೆ ಆಧಾರಿತ ಕಲಿಕಾ ಪದ್ಧತಿ ನಲಿ-ಕಲಿ, ಕಲಿಕಾ ಏಣಿ ಮತ್ತು ಕಾರ್ಡುಗಳಿಂದ ಇದನ್ನೇ ಮಾಡಿತು. ಪ್ರೌಢಶಾಲೆಯಲ್ಲಿ, ಅರವತ್ತು ಮಕ್ಕಳ ತರಗತಿಯಲ್ಲಿ, ಒಬ್ಬೊಬ್ಬರ ಮೆಟ್ಟಿಲನ್ನು ಗುರುತಿಟ್ಟುಕೊಳ್ಳುವುದು ಒಬ್ಬ ಶಿಕ್ಷಕಿಯ ಕೈಯಲ್ಲಿ ಆಗದ ಕೆಲಸ. ಕಂಪ್ಯೂಟರ್ ಅಲ್ಲಿ ನಿಜಕ್ಕೂ ನೆರವಾಗಬಲ್ಲದು.

ಈಗ ನಮ್ಮ ಕೈಯಲ್ಲಿರುವ ತಂತ್ರಜ್ಞಾನ ಹೆಚ್ಚಾಗಿ ವರದಿಗೆ ಮೀಸಲಾಗಿದೆ. ಸ್ಯಾಟ್ಸ್ ಎಂಬ ಇಲಾಖೆಯ ವಿದ್ಯಾರ್ಥಿ ಮಾಹಿತಿ ಜಾಲತಾಣದಲ್ಲಿ ವಿವರ ತುಂಬಬೇಕು, ಬಿಸಿಯೂಟದ ಲೆಕ್ಕ ಕೊಡಬೇಕು, ಮೊಟ್ಟೆ-ಬಾಳೆಹಣ್ಣು ಕೊಟ್ಟ ಫೋಟೊ ಗ್ರೂಪಿಗೆ ಹಾಕಬೇಕು. ಪಾಠದ ನಡುವೆ ‘ತುರ್ತು ಮಾಹಿತಿ, ಇಂದು ಸಂಜೆಯೊಳಗೆ’ ಎಂಬ ಸಂದೇಶ ಬರುತ್ತದೆ. ಮಕ್ಕಳ ಯೋಜನೆಗಳಿಗೆ ಲೆಕ್ಕ ಬೇಕು, ಒಪ್ಪುತ್ತೇನೆ. ಅದನ್ನು ತುಂಬಲು ಪ್ರತಿ ಪ್ರೌಢಶಾಲೆಗೂ ಒಬ್ಬ ಗುಮಾಸ್ತರನ್ನು ಕೊಡಿ. ಖಾಲಿ ಹುದ್ದೆಗಳು ಎಷ್ಟೋ ಕಡೆ ಹಾಗೆಯೇ ಉಳಿದಿವೆ. ಜೊತೆಗೆ ಮಕ್ಕಳ ಮನೆಗೆ ಮೊಬೈಲ್ ಹೋಂವರ್ಕ್ ಕಳಿಸುವ ಆಲೋಚನೆಯನ್ನು ದಯವಿಟ್ಟು ಕೈಬಿಡಿ. ಮನೆಯಲ್ಲಿರುವ ಒಂದೇ ಫೋನು ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೋಗುತ್ತದೆ. ಸಂಜೆ ಅದು ಹುಡುಗನಿಗೆ ಸಿಕ್ಕರೂ ಹುಡುಗಿಗೆ ಸಿಗುವುದು ಕಷ್ಟ. ಉಪಕರಣ ಶಾಲೆಯಲ್ಲಿರಲಿ, ಎಲ್ಲರಿಗೂ ಸಿಗಲಿ.

ನೆರೆಯ ಕೇರಳವನ್ನು ನೋಡಬಹುದು. 2001ರಲ್ಲಿ ಐಟಿ ಅಟ್ ಸ್ಕೂಲ್ ಎಂದು ಆರಂಭಿಸಿದ್ದನ್ನು ಅವರು ನಡುವೆ ಕೈಬಿಡಲಿಲ್ಲ. ಅದೇ ಈಗ ಕೈಟ್ ಎಂಬ ಸರ್ಕಾರಿ ಸಂಸ್ಥೆಯಾಗಿದೆ. ಶಿಕ್ಷಕರೇ ಅಲ್ಲಿ ತರಬೇತುದಾರರು, ಬಳಸುವುದು ಸ್ವತಂತ್ರ ತಂತ್ರಾಂಶ. 45,000 ತರಗತಿ ಕೊಠಡಿಗಳಿಗೆ ಉಪಕರಣ ಕೊಟ್ಟದ್ದಲ್ಲದೆ ಮಕ್ಕಳ ‘ಲಿಟಲ್ ಕೈಟ್ಸ್’ ಎಂಬ ಐಟಿ ಕೂಟಗಳನ್ನೂ ಕಟ್ಟಿದರು. ಮುಖ್ಯವಾಗಿ, ಸರ್ಕಾರ ಬದಲಾದರೂ ಯೋಜನೆ ನಿಲ್ಲಲಿಲ್ಲ. ನಮ್ಮಲ್ಲೂ ಜಿಯೋಜೀಬ್ರಾ ಬಳಸಿ ಸೊಗಸಾಗಿ ಪಾಠ ಮಾಡುವ ಶಿಕ್ಷಕರು ಜಿಲ್ಲೆಗೆ ಹತ್ತಾರು ಮಂದಿ ಇದ್ದಾರೆ. ತರಬೇತಿಗೆ ಅವರನ್ನು ಕರೆಯಿರಿ. ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಸಭಾಂಗಣದಲ್ಲಿ ಎರಡು ದಿನ ಸ್ಲೈಡ್ ತೋರಿಸಿ ಕಳಿಸುವ ಬದಲು, ಅವರು ನಮ್ಮ ಶಾಲೆಗೇ ಬಂದು ನಮ್ಮ ಮಕ್ಕಳಿಗೆ ಒಂದು ಪಾಠ ಮಾಡಿ ತೋರಿಸಲಿ. ಮರುತಿಂಗಳು ಮತ್ತೆ ಬಂದು ನಾವು ಮಾಡುವುದನ್ನು ನೋಡಲಿ.

ಹಣದ ವಿಷಯದಲ್ಲಿ ನನ್ನ ಕೋರಿಕೆ ಚಿಕ್ಕದು. ಹೊಸ ಖರೀದಿಯ ಟೆಂಡರ್ ಕರೆಯುವ ಮೊದಲು, ಇರುವ ಕಂಪ್ಯೂಟರ್, ಪ್ರೊಜೆಕ್ಟರ್‌ಗಳಲ್ಲಿ ಎಷ್ಟು ಕೆಲಸ ಮಾಡುತ್ತಿವೆ ಎಂದು ಶಾಲೆವಾರು ಪಟ್ಟಿ ಮಾಡಿ ಪ್ರಕಟಿಸಲಿ. ಬ್ಯಾಟರಿ, ಬಲ್ಬು, ಕೇಬಲ್ ಬದಲಿಸಲು ಬೇಕಾದ ದುರಸ್ತಿ ಹಣ ಪ್ರತಿ ಜೂನ್‌ನಲ್ಲಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಖಾತೆಗೆ ಜಮಾ ಆಗಲಿ. ತರಬೇತಿಗಳು ಶಾಲೆ ತೆರೆಯುವ ಮೊದಲೇ ಮುಗಿಯಲಿ. ಪೂರ್ವಸಿದ್ಧತಾ ಪರೀಕ್ಷೆಯ ಹೊತ್ತಿನಲ್ಲಿ ಹತ್ತನೇ ತರಗತಿಯ ಗಣಿತ ಶಿಕ್ಷಕರನ್ನು ಶಾಲೆಯಿಂದ ಹೊರಗೆ ಕರೆಸುವುದು ನಿಲ್ಲಲಿ.

ಇತಿ,
ಗಣಿತ ಶಿಕ್ಷಕಿ, ಸರ್ಕಾರಿ ಪ್ರೌಢಶಾಲೆ,
ಹಿರಿಯೂರು ತಾಲ್ಲೂಕು, ಚಿತ್ರದುರ್ಗ ಜಿಲ್ಲೆ