ಆರು ಕಾಲೇಜಿಗೆ ಒಂದೇ ಲ್ಯಾಬ್ ಕೊಡಿ: ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅಧ್ಯಕ್ಷರಿಗೆ ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ,

ನಮಸ್ಕಾರ. ನಾನು ಕಲಬುರಗಿಯ ಒಂದು ಮೆಡಿಕಲ್ ಕಾಲೇಜಿನಲ್ಲಿ ಬಯೋಕೆಮಿಸ್ಟ್ರಿ ಕಲಿಸುತ್ತೇನೆ. ನಮ್ಮ ಭಾಗಕ್ಕೆ ಎಲ್ಲ ಕಾಲೇಜುಗಳೂ ಹಂಚಿಕೊಂಡು ಬಳಸುವ ಒಂದು ವೈದ್ಯಕೀಯ ಸಂಶೋಧನಾ ಲ್ಯಾಬ್ ಬೇಕು ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

2020ರ ಮಾರ್ಚ್ ತಮಗೂ ನೆನಪಿರಬೇಕು. ಕೋವಿಡ್‌ನಿಂದ ದೇಶದಲ್ಲಿ ಮೊದಲು ಸತ್ತವರು ಕಲಬುರಗಿಯ ಹಿರಿಯರೊಬ್ಬರು. ಮಾರ್ಚ್ 9ಕ್ಕೆ ಅವರ ಸ್ಯಾಂಪಲ್ ಇಲ್ಲಿ ತೆಗೆದು ಬೆಂಗಳೂರಿಗೆ ಕಳಿಸಿದರು. 10ರ ರಾತ್ರಿ ಅವರು ತೀರಿಕೊಂಡರು. ಪಾಸಿಟಿವ್ ಎಂದು ಖಚಿತವಾಗಿದ್ದು 12ಕ್ಕೆ. ಇದರಲ್ಲಿ ಯಾರದ್ದೂ ತಪ್ಪಿರಲಿಲ್ಲ, ಆ ಪರೀಕ್ಷೆ ಆಗ ಇಲ್ಲಿ ಇರಲೇ ಇಲ್ಲ. ಆಮೇಲೆ ಕಲಬುರಗಿಯಲ್ಲೇ ಪರೀಕ್ಷೆ ಶುರುವಾಯಿತು. ಮನಸ್ಸು ಮಾಡಿದರೆ ಇಲ್ಲೂ ಆಗುವ ಕೆಲಸ ಅದು ಎಂದು ಆಗ ಎಲ್ಲರಿಗೂ ಗೊತ್ತಾಯಿತು.

ಆದರೆ ಸಂಶೋಧನೆಯ ವಿಷಯಕ್ಕೆ ಬಂದರೆ ನಾವು ಇನ್ನೂ ಆ ಮಾರ್ಚ್ 9ರಲ್ಲೇ ಇದ್ದೇವೆ. ಸ್ಯಾಂಪಲ್ ಇಲ್ಲಿ, ಲ್ಯಾಬ್ ಸುಮಾರು 600 ಕಿಲೋಮೀಟರ್ ಆಚೆ.

ನನ್ನ ಒಬ್ಬ ಪಿಜಿ ವಿದ್ಯಾರ್ಥಿನಿಯ ಕಥೆ ಹೇಳುತ್ತೇನೆ. ಕ್ಷಯ ರೋಗಿಗಳ ರಕ್ತದಲ್ಲಿ ಆರ್‌ಎನ್‌ಎ (ಯಾವ ಜೀನ್ ಕೆಲಸ ಮಾಡುತ್ತಿದೆ ಎಂದು ತೋರಿಸುವ ಅಣು) ನೋಡುವುದು ಅವಳ ಥೀಸಿಸ್. 48 ಜನರನ್ನು ಒಪ್ಪಿಸಿ, ಅವರಿಂದ ರಕ್ತ ತೆಗೆದುಕೊಳ್ಳಲು ಅವಳಿಗೆ 11 ತಿಂಗಳು ಹಿಡಿಯಿತು. ಆರ್‌ಎನ್‌ಎ ಬಹಳ ನಾಜೂಕಿನ ವಸ್ತು. ಸ್ವಲ್ಪ ಬೆಚ್ಚಗಾದರೂ ಚೂರುಚೂರಾಗುತ್ತದೆ. ಅದನ್ನು ಒಯ್ಯಲು ಡ್ರೈ ಐಸ್, ಎಂದರೆ ಹೆಪ್ಪುಗಟ್ಟಿದ ಕಾರ್ಬನ್ ಡೈಆಕ್ಸೈಡ್ ಬೇಕು. ನಮಗದು ಹೈದರಾಬಾದಿನಿಂದ ಬರಬೇಕಿತ್ತು. ಬೆಳಿಗ್ಗೆ ಹೊರಟ ಡಬ್ಬಿ ಇಲ್ಲಿಗೆ ಮುಟ್ಟುವಷ್ಟರಲ್ಲೇ ಒಂದಷ್ಟು ಐಸ್ ಆವಿಯಾಗಿ ಹೋಗಿತ್ತು. ಮೇ ತಿಂಗಳು, ಕಲಬುರಗಿ ಬಿಸಿಲು, ತಮಗೆ ಬೇರೆ ಹೇಳಬೇಕಿಲ್ಲ. ಆ ಹುಡುಗಿ ಥರ್ಮೋಕೋಲ್ ಡಬ್ಬಿಯನ್ನು ಬರ್ತ್ ಕೆಳಗೆ ಇಟ್ಟುಕೊಂಡು ರಾತ್ರಿ ರೈಲು ಹತ್ತಿದಳು. ರೈಲು ಏಳು ಗಂಟೆ ತಡವಾಯಿತು. ಬೆಂಗಳೂರಿನ ಲ್ಯಾಬ್ ಬಾಗಿಲಿಗೆ ಹೋದಾಗ ಶನಿವಾರ ಮಧ್ಯಾಹ್ನ. ಸೋಮವಾರ ಬನ್ನಿ ಎಂದರು. ಸೋಮವಾರ ಮುಚ್ಚಳ ತೆಗೆದಾಗ ಒಳಗೆ ಡ್ರೈ ಐಸ್ ಒಂದು ಚೂರೂ ಇರಲಿಲ್ಲ. ಟ್ಯೂಬ್ ಅಲ್ಲಾಡಿಸಿದರೆ ರಕ್ತ ಅಲ್ಲಾಡುತ್ತಿತ್ತು.

ಅವಳು ಅಲ್ಲಿಂದಲೇ ನನಗೆ ಫೋನ್ ಮಾಡಿದಳು. ಅತ್ತಳು. ನನಗೂ ಏನು ಹೇಳಬೇಕೋ ತೋಚಲಿಲ್ಲ. ಕೊನೆಗೆ ವಿಷಯ ಬದಲಿಸಿ, ಪ್ರಶ್ನಾವಳಿ ತುಂಬಿಸಿ ಥೀಸಿಸ್ ಮುಗಿಸಿದಳು. ನಮ್ಮ ಕಡೆ ಎಷ್ಟೋ ಥೀಸಿಸ್‌ಗಳು ಹೀಗೇ ಮುಗಿಯುತ್ತವೆ. ಮಕ್ಕಳಿಗೆ ಬುದ್ಧಿಯೂ ಇದೆ, ಆಸೆಯೂ ಇದೆ. ಮಾಡಲು ಜಾಗವೇ ಇಲ್ಲ.

ಇನ್ನೊಂದು ವಿಷಯ ಇದಕ್ಕಿಂತ ದೊಡ್ಡದು. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದ ಹೆಸರು ಕೇಳಿರುತ್ತೀರಿ. ಹಳೆಯ ಚಿನ್ನದ ಗಣಿ ಇದ್ದ ಪ್ರದೇಶ. ಅಲ್ಲಿನ ಬೋರ್‌ವೆಲ್ ನೀರಿನಲ್ಲಿ ಆರ್ಸೆನಿಕ್ ಇತ್ತು. ಅದನ್ನು ಕುಡಿದವರ ಅಂಗೈ, ಅಂಗಾಲು ಒರಟಾಗಿ ಗಂಟು ಕಟ್ಟಿದ್ದವು. ತಪಾಸಣೆ ಮಾಡಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರ ಚರ್ಮದಲ್ಲಿ ಆ ಗುರುತು ಇತ್ತು. 2013ರಲ್ಲಿ ಪ್ರಕಟವಾದ ಆ ಅಧ್ಯಯನ ಮಾಡಿದ್ದು ಯಾರು ಗೊತ್ತೇ? ಕೋಲ್ಕತ್ತದ ಜಾದವ್‌ಪುರ ವಿಶ್ವವಿದ್ಯಾಲಯದವರು. ಅವರಿಗೆ ನಾನು ಕೈ ಮುಗಿಯುತ್ತೇನೆ. ಆದರೆ ನಮ್ಮ ಜನರ ಕಾಯಿಲೆ ಅಳೆಯಲು ಬಂಗಾಳದಿಂದ ಬರಬೇಕಾಯಿತು ಎಂಬುದು ನನ್ನಂಥ ಮೇಷ್ಟ್ರಿಗೆ ಇವತ್ತಿಗೂ ಚುಚ್ಚುತ್ತದೆ.

ಕೆಲವು ವರ್ಷಗಳ ನಂತರ ನಾವೂ ಆ ಕಡೆಯ ಇನ್ನೊಂದು ತಾಂಡಾಕ್ಕೆ ಹೋಗಿದ್ದೆವು. ಉಗುರು, ಕೂದಲಿನ ಸ್ಯಾಂಪಲ್ ತೆಗೆದುಕೊಳ್ಳುತ್ತಿದ್ದೆವು. ಆರ್ಸೆನಿಕ್ ಉಗುರಿನಲ್ಲಿ ಹೋಗಿ ಕೂರುತ್ತದೆ. ತಿಂಗಳುಗಟ್ಟಲೆ ಏನು ಕುಡಿದಿದ್ದಾರೆ ಎಂದು ಉಗುರೇ ಹೇಳುತ್ತದೆ. ಒಬ್ಬ ಅಜ್ಜಿ ಬೆರಳು ಚಾಚಿ ಕೂತಿದ್ದರು. ಅಂಗೈ ಮುಟ್ಟಿದರೆ ಜೋಳದ ಕಾಳು ಹರವಿದ ಹಾಗೆ ಒರಟು. ಉಗುರು ಕತ್ತರಿಸಿ ಚಿಕ್ಕ ಪೊಟ್ಟಣದಲ್ಲಿ ಹಾಕುವಾಗ ಕೇಳಿದರು: "ಸಾಹೇಬ್ರ, ನನ್ನ ಉಗುರು ಎಲ್ಲಿಗಿ ಒಯ್ತೀರಿ? ರಿಪೋರ್ಟ್ ಯಾವಾಗ ಬರ್ತದ್ರಿ?"

ಒಂದು ತಿಂಗಳು ಎಂದೆ. ಒಂದೂವರೆ ವರ್ಷ ಆಯಿತು. ದೂರದ ಲ್ಯಾಬಿನ ಸರದಿಯಲ್ಲಿ ನಮ್ಮ ಪೊಟ್ಟಣಗಳು ಕೊನೆಯಲ್ಲಿದ್ದವು. ರಿಪೋರ್ಟ್ ಹಿಡಿದು ಹೋದಾಗ ಅಜ್ಜಿ ಇರಲಿಲ್ಲ.

ಇಷ್ಟು ಕೇಳಿದ ಕೂಡಲೇ ಯಾರಾದರೂ ಹೇಳುತ್ತಾರೆ: ಹಾಗಾದರೆ ಪ್ರತಿ ಕಾಲೇಜಿಗೂ ಒಂದು ಯಂತ್ರ ಕೊಡಿಸೋಣ. ದಯವಿಟ್ಟು ಹಾಗೆ ಮಾಡಬೇಡಿ. ಅದು ಎಲ್ಲಿಗೆ ಮುಟ್ಟುತ್ತದೆ ಎಂದು ನಾನು ಕಣ್ಣಾರೆ ಕಂಡಿದ್ದೇನೆ. ನಾನು ನೋಡಿದ ಒಂದು ಕಾಲೇಜಿನಲ್ಲಿ ಮೈನಸ್ 80 ಡಿಗ್ರಿಯ ಫ್ರೀಜರ್ ಇದೆ. ಕೊಂಡ ಮೂರನೇ ಬೇಸಿಗೆಗೆ ಕಂಪ್ರೆಸರ್ ಹೋಯಿತು. ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಮುಗಿದಿತ್ತು, ರಿಪೇರಿಗೆ ಹಣದ ಹೆಡ್ ಇರಲಿಲ್ಲ. ಈಗ ಅದರೊಳಗೆ ಹಳೆಯ ಉತ್ತರ ಪತ್ರಿಕೆ ಇಟ್ಟಿದ್ದಾರೆ. ಪಕ್ಕದ ಕೋಣೆಯಲ್ಲಿ ಇನ್ನೊಂದು ಯಂತ್ರ, ಪ್ಲಾಸ್ಟಿಕ್ ಹೊದಿಕೆ ತೆಗೆದೇ ಇಲ್ಲ. ನಡೆಸಲು ಬರುವವರು ಇಲ್ಲ.

ಯಂತ್ರ ಕೊಳ್ಳುವುದು ಸುಲಭದ ಭಾಗ. ಉಗುರಿನಲ್ಲಿ ಆರ್ಸೆನಿಕ್ ಅಳೆಯುವ ಐಸಿಪಿ-ಎಂಎಸ್ ಎಂಬ ಯಂತ್ರವನ್ನೇ ನೋಡಿ. ಅದಕ್ಕೆ ಆರ್ಗಾನ್ ಗ್ಯಾಸ್ ಹರಿಯುತ್ತಲೇ ಇರಬೇಕು. ಮಾಮೂಲಿ ಸಿಲಿಂಡರ್ ಏಳೆಂಟು ಗಂಟೆ ಬಂದರೆ ಹೆಚ್ಚು. ಕೋಣೆ ಸದಾ ತಂಪಾಗಿರಬೇಕು, ಧೂಳು ಬರಬಾರದು, ಕರೆಂಟ್ ಏರುಪೇರು ಆಗಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಅದರ ಸ್ವಭಾವ ತಿಳಿದ ಒಬ್ಬ ಟೆಕ್ನೀಷಿಯನ್ ಐದು ವರ್ಷವಾದರೂ ಅದೇ ಜಾಗದಲ್ಲಿ ಇರಬೇಕು. ಗುತ್ತಿಗೆ ಮೇಲೆ ಬಂದವರು ಕಲಿಯುವಷ್ಟರಲ್ಲಿ ಅವಧಿ ಮುಗಿಯುತ್ತದೆ, ಹೋಗಿಬಿಡುತ್ತಾರೆ. ಇದನ್ನೆಲ್ಲ ಒಂದು ಕಾಲೇಜು ಒಂಟಿಯಾಗಿ ಹೊರುವುದು ಕಷ್ಟ. ಆರು ಕಾಲೇಜು ಸೇರಿದರೆ ಯಂತ್ರಕ್ಕೆ ದಿನವೂ ಕೆಲಸ ಇರುತ್ತದೆ, ನಡೆಸುವವರ ಕೈಯೂ ಪಳಗುತ್ತದೆ.

ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ಈ ಆರೂ ಕಡೆ ಈಗ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಗುಲ್ಬರ್ಗ ವಿಶ್ವವಿದ್ಯಾಲಯ ಇದೆ, ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಬಳಸುವವರಿಗೆ ಬರವಿಲ್ಲ. ದೊಡ್ಡ ಲ್ಯಾಬ್ ಒಂದೇ ಇರಲಿ, ಎಲ್ಲಿ ಎಂದು ತಾವೇ ತೀರ್ಮಾನಿಸಿ. ಕಲಬುರಗಿಗೇ ಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಉಳಿದ ಕಾಲೇಜುಗಳಲ್ಲಿ ಸ್ಯಾಂಪಲ್ ಇಡುವ ಒಂದು ಒಳ್ಳೆ ಫ್ರೀಜರ್, ಅದಕ್ಕೆ ಜನರೇಟರ್, ವಾರಕ್ಕೆ ಎರಡು ಸಲ ಬರುವ ಒಂದು ತಂಪು ಡಬ್ಬಿಯ ವ್ಯಾನ್ ಸಾಕು. ಯಾರು ಬೇಕಾದರೂ ಸಮಯ ಬುಕ್ ಮಾಡಬಹುದು, ವಿದ್ಯಾರ್ಥಿಗಳಿಗೆ ಕಡಿಮೆ ದರ, ಖಾಸಗಿಯವರಿಗೆ ಪೂರ್ತಿ ದರ. ಯಾವ ಯಂತ್ರ ತಿಂಗಳಿಗೆ ಎಷ್ಟು ಗಂಟೆ ಓಡಿತು ಎಂದು ಬಾಗಿಲ ಮುಂದೆ ಬೋರ್ಡ್ ಹಾಕಿ.

ಇದು ಹೊಸ ಪ್ರಯೋಗವೇನಲ್ಲ. ಬೆಂಗಳೂರಿನ ಸಿ-ಕ್ಯಾಂಪ್ ಎಂಬ ಜೀವವಿಜ್ಞಾನ ಸಂಸ್ಥೆ 2009ರಿಂದ ಇದೇ ರೀತಿ ಯಂತ್ರಗಳನ್ನು ಹಂಚಿ ಕೊಡುತ್ತಿದೆ. 2020ರ ಜನವರಿಯಲ್ಲಿ ಬೆಂಗಳೂರಿನಲ್ಲೇ ಐ-ಸ್ಟೆಮ್ ಪೋರ್ಟಲ್ ಶುರುವಾಯಿತು. ದೇಶದಲ್ಲಿ ಎಲ್ಲಿ ಯಾವ ಯಂತ್ರ ಇದೆ ಎಂದು ಅದರಲ್ಲಿ ಹುಡುಕಬಹುದು. ಒಳ್ಳೆಯ ಕೆಲಸ, ಆದರೆ ಪಟ್ಟಿ ನೋಡಿದ ಮಾತ್ರಕ್ಕೆ ಡಬ್ಬಿಯೊಳಗಿನ ರಕ್ತದ ಸ್ಯಾಂಪಲ್ ತಣ್ಣಗೆ ಉಳಿಯುವುದಿಲ್ಲ. ನಮ್ಮ ಬಿಸಿಲಿನಲ್ಲಿ ಇಂಥ ಲ್ಯಾಬ್ ನಡೆಯುತ್ತದೆಯೇ ಎಂದು ಅನುಮಾನ ಇದ್ದವರು ರಾಯಚೂರು ಕೃಷಿ ವಿಶ್ವವಿದ್ಯಾಲಯಕ್ಕೆ ಹೋಗಿ ನೋಡಲಿ. ಅಲ್ಲಿನ ಕೀಟನಾಶಕ ಶೇಷ ಪರೀಕ್ಷಿಸುವ ಲ್ಯಾಬ್, ಲ್ಯಾಬ್‌ಗಳ ಗುಣಮಟ್ಟ ನೋಡುವ ರಾಷ್ಟ್ರೀಯ ಮಂಡಳಿ ಎನ್‌ಎಬಿಎಲ್‌ನ ಮಾನ್ಯತೆ ಪಡೆದದ್ದು. ಬೆಳೆಗೆ, ಆಹಾರಕ್ಕೆ ಮಾಡಿದ್ದನ್ನು ಮನುಷ್ಯರಿಗೂ ಮಾಡಬಹುದು, ಅಲ್ವಾ?

ನೈಜೀರಿಯಾದಲ್ಲಿ ಎಡೆ ಎಂಬ ಊರಿದೆ, ರಾಜಧಾನಿಯೂ ಅಲ್ಲ, ಮಹಾನಗರವೂ ಅಲ್ಲ. ಅಲ್ಲಿನ ರಿಡೀಮರ್ಸ್ ವಿಶ್ವವಿದ್ಯಾಲಯದ ಲ್ಯಾಬ್ 2020ರ ಮಾರ್ಚ್‌ನಲ್ಲಿ ಇಡೀ ಆಫ್ರಿಕಾದಲ್ಲೇ ಮೊದಲು ಕೊರೊನಾ ವೈರಸ್ಸಿನ ಜೀನೋಮ್, ಎಂದರೆ ಅದರ ಪೂರ್ತಿ ವಂಶವಾಹಿ ಸಂಕೇತ ಓದಿತು. ಅದೇ ಮಾರ್ಚ್‌ನಲ್ಲಿ ನಾವು ಸ್ಯಾಂಪಲ್ ಕಟ್ಟಿ ಬೆಂಗಳೂರಿಗೆ ಕಳಿಸುತ್ತಿದ್ದೆವು.

ರಾಯಚೂರಿಗೆ ಏಮ್ಸ್ ಬರಲಿ ಎಂದು ಜನ ವರ್ಷಗಟ್ಟಲೆ ಧರಣಿ ಕೂತಿದ್ದಾರೆ. ಅದಕ್ಕೆ ನನ್ನ ಪೂರ್ತಿ ಬೆಂಬಲ ಇದೆ. ಆದರೆ ಏಮ್ಸ್ ಬರುವವರೆಗೆ ಸುಮ್ನೆ ಕೂರುವುದು ಬೇಡ. ಅದು ಬಂದ ದಿನ ಈ ಲ್ಯಾಬ್ ಅದಕ್ಕೂ ಕೈಯಾಗುತ್ತದೆ.

ಹಣದ ಮಾತಿಗೆ ಬರುತ್ತೇನೆ. ಈಚಿನ ಬಜೆಟ್‌ಗಳಲ್ಲಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ರೂಪಾಯಿ ಎಂದು ಘೋಷಣೆಯಾಗಿದೆ. ಅದರಲ್ಲಿ ನೂರಕ್ಕೆ ಒಂದು ಪಾಲು ಎಂದರೆ 50 ಕೋಟಿ. ಒಂದು ವರ್ಷದ ಆ ಒಂದು ಪಾಲು ಕಟ್ಟಡಕ್ಕೆ, ಯಂತ್ರಕ್ಕೆ ಕೊಡಿ. ಆಮೇಲೆ ಹತ್ತು ವರ್ಷ ನಡೆಸುವ ಖರ್ಚನ್ನು ಮೊದಲೇ ಆದೇಶದಲ್ಲಿ ಬರೆದಿಡಿ. ಸಂಬಳ, ಗ್ಯಾಸ್, ಎಎಂಸಿ, ಕರೆಂಟ್ ಎಲ್ಲ ಅದರಲ್ಲಿ ಸೇರಲಿ. ಸರ್ಕಾರದಲ್ಲಿ ಒಮ್ಮೆ ಕೊಡುವ ಹಣ ಸಲೀಸಾಗಿ ಸಿಗುತ್ತದೆ, ವರ್ಷವರ್ಷವೂ ಕೊಡುವ ಹಣ ಸಿಗುವುದಿಲ್ಲ. ನಮ್ಮ ಲ್ಯಾಬ್‌ಗಳು ಸಾಯುವುದು ಅಲ್ಲೇ. ಟೆಕ್ನೀಷಿಯನ್ ಹುದ್ದೆಗಳನ್ನು ಕಾಯಂ ಮಾಡಿ, ನಮ್ಮ ಭಾಗದವರಿಗೆ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿಯ ಅಡಿ ಇಲ್ಲಿನ ಹುಡುಗ ಹುಡುಗಿಯರನ್ನೇ ತುಂಬಿ. ಅವರು ಊರು ಬಿಟ್ಟು ಹೋಗುವುದಿಲ್ಲ.

ನಾವು ಬೇರೆ ಬೇರೆ ಕಾಲೇಜಿನ ಕೆಲವರು ಕೂತು ಒಂದು ಪಟ್ಟಿ ಮಾಡಿದ್ದೇವೆ. ಯಾರಿಗೆ ಯಾವ ಯಂತ್ರ ವಾರಕ್ಕೆ ಎಷ್ಟು ಗಂಟೆ ಬೇಕು, ಈಗಿರುವ ಯಾವ ಯಂತ್ರ ರಿಪೇರಿಯಾದರೆ ನಡೆಯುತ್ತದೆ, ಎಲ್ಲ ಅದರಲ್ಲಿದೆ. ಒಂದು ಅರ್ಧ ಗಂಟೆ ಸಮಯ ಕೊಡಿ. ಕಲಬುರಗಿಯ ತಮ್ಮ ಕಚೇರಿಗೇ ತಂದು ಕೊಡುತ್ತೇವೆ. ಥೀಸಿಸ್ ಬದಲಿಸಿದ ಆ ಹುಡುಗಿ ಈಗ ಇಲ್ಲೇ ಅಸಿಸ್ಟೆಂಟ್ ಪ್ರೊಫೆಸರ್. ಅವಳೂ ಬರುತ್ತಾಳೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಬಯೋಕೆಮಿಸ್ಟ್ರಿ ಮೇಷ್ಟ್ರು, ಕಲಬುರಗಿ